ದೊಡ್ಡಪ್ಪ ಕಲಿಸಿದ ನಡಿಗೆ

ಕಣ್ಣಿಲ್ಲದ ಕತ್ತಿವೀರನೊಬ್ಬನ ಕಥೆಯ ಆ ತಮಿಳು ಸಿನಿಮಾವನ್ನು ಕೊನೆಯವರೆಗೂ ಕೂತು ನೋಡಿದವರಲ್ಲಿ ಈಗ ಎಷ್ಟು ಮಂದಿ ಉಳಿದಿದ್ದಾರೋ ನನಗೆ ತಿಳಿಯದು. ಪೊಳ್ಳಾಚಿಯಲ್ಲಿ ಅದು ಓಡಿದ್ದು ಒಂದೇ ವಾರ. ಕೊಯಮತ್ತೂರಿನಲ್ಲಿ ಅಷ್ಟೂ ಇಲ್ಲ ಎಂದು ಕೇಳಿದ್ದೆ. ಅದರಲ್ಲಿ ಹಾಡಿರಲಿಲ್ಲ, ನಗಿಸುವವರಿರಲಿಲ್ಲ, ನಾಯಕನೋ ಹೊಸಮುಖ. ಈಗ ಹಳೆಯ ಸಿನಿಮಾಗಳೆಲ್ಲ ಅಂಗೈಯ ಫೋನಿನಲ್ಲೇ ಸಿಗುತ್ತವೆ ಎನ್ನುತ್ತಾರೆ. ತಿರುಪ್ಪೂರಿನಲ್ಲಿ ನನ್ನ ಜೊತೆಗಿರುವ ಮೊಮ್ಮಗಳು ಒಂದು ಭಾನುವಾರವಿಡೀ ಹುಡುಕಿದಳು. ಒಂದು ಪೋಸ್ಟರ್ ಕೂಡ ಸಿಗಲಿಲ್ಲ. "ಅಜ್ಜೀ, ನಿಜವಾಗ್ಲೂ ಅಂಥ ಪಡ ಇತ್ತಾ?" ಎಂದು ಕೇಳಿದಳು. ಇತ್ತು. ಪೊಳ್ಳಾಚಿ ಹತ್ತಿರದ ನೆಗಮದ ನಮ್ಮ ಮನೆಯಲ್ಲಿ ಇವತ್ತಿಗೂ ಅದಕ್ಕೆ 'ನಮ್ಮ ಪಡ' ಎಂದೇ ಹೆಸರು; ನಮ್ಮ ಕಡೆ ಸಿನಿಮಾ ಎಂದರೆ ಪಡ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು, ಓದುಬರಹಕ್ಕೂ ತಮಿಳು, ಹೀಗೆ ಬೆಳೆದವಳು ನಾನು. ಕನ್ನಡದ ಅಕ್ಷರಗಳನ್ನು ಕಲಿತದ್ದು ಐವತ್ತರ ಹತ್ತಿರ ಬಂದಾಗ. ಕಲಿತ ಮೇಲೆ ಮೊದಲು ಬರೆಯಬೇಕೆನಿಸಿದ್ದು ಆ ಪಡವನ್ನೂ ಅದು ಬಂದುಹೋದ ಮನೆಯನ್ನೂ ಕುರಿತು.

ಆ ಮನೆ ಬೀದಿ ಬಾಗಿಲಿನಿಂದ ಹಿತ್ತಿಲ ಬಾವಿಯವರೆಗೆ ಮೂವತ್ತೊಂದು ಹೆಜ್ಜೆ. ಅಳೆದವನು ದೊಡ್ಡಪ್ಪ. ಮುಂದಿನ ಪಡಸಾಲೆಯಲ್ಲಿ ನೆಲಕ್ಕೆ ಕುಣಿ ತೋಡಿ ಕೂರಿಸಿದ ಎರಡು ಮಗ್ಗ; ಬಲಗಡೆಯದು ಅಪ್ಪನದು, ಎಡಗಡೆಯದು ಅಮ್ಮನದು. ಎರಡರ ನಡುವೆ ಒಬ್ಬರು ಮೈ ಓರೆ ಮಾಡಿ ಹೋಗುವಷ್ಟು ದಾರಿ. ಅದನ್ನು ದಾಟಿದರೆ ನಡುಮನೆ. ಅಲ್ಲಿನ ಗೋಡೆಗೂಡಿನಲ್ಲಿ ನಾವು ಸೌಡಮ್ಮ ಎನ್ನುವ ಚೌಡೇಶ್ವರಿಯ ಪಟ, ಪಟದ ಕೆಳಗೆ ಕೆಂಪು ಬಟ್ಟೆಯಲ್ಲಿ ಸುತ್ತಿಟ್ಟ ಕತ್ತಿ. ಆಮೇಲೆ ಹೊಗೆ ಹಿಡಿದ ಅಡುಗೆಮನೆ, ಅದರಾಚೆ ಹಿತ್ತಿಲು. ದೊಡ್ಡಪ್ಪ ಅಪ್ಪನ ಅಣ್ಣ, ಹೆಸರು ರಾಮಲಿಂಗ. ಆರು ವರ್ಷದವನಿದ್ದಾಗ ಸಿಡುಬು ಬಂದು ಎರಡೂ ಕಣ್ಣು ಹೋಗಿದ್ದವು. ಮದುವೆ ಮಾಡಿಕೊಳ್ಳಲಿಲ್ಲ. ಮಗ್ಗದಲ್ಲಿ ಒಂದು ಹಾಸು, ಎಂದರೆ ಉದ್ದೆಳೆಗಳ ಸಾಲು, ನೇಯ್ದು ಮುಗಿಯುತ್ತ ಬಂದಾಗ ಅದರ ಸಾವಿರಾರು ಎಳೆಗಳ ತುದಿಗೆ ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಬೆರಳಿನಲ್ಲಿ ಹೊಸೆದು ಕೂಡಿಸಬೇಕು. ಅದು ಅವನ ಕೆಲಸ. ಬೆರಳಿಗೆ ಬೂದಿ ಸವರಿಕೊಂಡು ಕೂತನೆಂದರೆ ಕಣ್ಣಿದ್ದವರು ಎರಡು ದಿನ ಮಾಡುವುದನ್ನು ಒಂದು ದಿನದಲ್ಲಿ ಮುಗಿಸುತ್ತಿದ್ದ. ಅವನು ಕೂಡಿಸಿದ ಎಳೆ ಬಿಟ್ಟುಕೊಂಡಿತು ಎಂಬ ಮಾತನ್ನು ನಾಲ್ಕು ಬೀದಿಗಳಲ್ಲಿ ಯಾರೂ ಆಡಿದ್ದಿಲ್ಲ.

ಮನೆಗೆ ಒಂದೇ ಕಾನೂನು: ಇಟ್ಟದ್ದು ಇಟ್ಟಲ್ಲೇ ಇರಬೇಕು. ಮಣೆ, ಚೊಂಬು, ಚಪ್ಪಲಿ, ರಾಟೆ ಯಾವುದೂ ಒಂದು ಗೇಣು ಆಚೀಚೆ ಸರಿಯುವಂತಿಲ್ಲ. ಒಮ್ಮೆ ನೆಂಟರು ಬಂದ ಗಡಿಬಿಡಿಯಲ್ಲಿ ಅಮ್ಮ ನೀರಿನ ಹಿತ್ತಾಳೆ ಕೊಡವನ್ನು ನಡುಮನೆಯ ದಾರಿಯಲ್ಲಿ ಇಳಿಸಿಬಿಟ್ಟಳು. ದೊಡ್ಡಪ್ಪ ಅದರ ಮೇಲೆ ಬಿದ್ದ, ಮುಂಗೈ ಊದಿಕೊಂಡಿತು. ನಾವು ಅವ್ವ ಎಂದು ಕರೆಯುತ್ತಿದ್ದ ಅಪ್ಪನ ತಾಯಿ ನೆಂಟರೆದುರಿಗೇ ಅಮ್ಮನ ಮೇಲೆ ಹರಿಹಾಯ್ದರು.

"ಕಣ್ಣಿಲ್ದಿರೋನು ಅವನಾ, ನೀನಾ?"

ಅಮ್ಮ ಎದುರಾಡಲಿಲ್ಲ, ಆದರೆ ಎಂಟು ದಿನ ಅವ್ವನ ಜೊತೆ ಮಾತು ಬಿಟ್ಟಳು. ಒಬ್ಬರಿಗೊಬ್ಬರು ಹೇಳಬೇಕಾದದ್ದನ್ನು ನನ್ನ ಮೂಲಕ ಹೇಳಿ ಕಳಿಸುತ್ತಿದ್ದರು. ಇಬ್ಬರೂ ಎರಡು ಮೊಳ ದೂರದಲ್ಲೇ ಇರುತ್ತಿದ್ದರು. ಒಂಬತ್ತನೆಯ ದಿನ ಊಟಕ್ಕೆ ಕೂತಾಗ ದೊಡ್ಡಪ್ಪ ಹೇಳಿದ:

"ನಾ ಬಿದ್ದಿದ್ದು ಕೊಡದ ಮೇಲೆ. ಕೊಡಾನೂ ನಾನೂ ಅವತ್ತೇ ರಾಜಿ ಆದ್ವಿ. ನಿಮ್ಮಿಬ್ಬರದು ಯಾವ ಕೇಸು?"

ಮೊದಲು ನಕ್ಕದ್ದು ಅವ್ವ. ಆ ಮನೆಯ ಜಗಳಗಳು ಬಹುಮಟ್ಟಿಗೆ ಊಟದ ಹೊತ್ತಿಗೇ ಮುಗಿಯುತ್ತಿದ್ದವು. ಮಧ್ಯಾಹ್ನ ಎರಡೂ ಮಗ್ಗಗಳು ನಿಂತ ಕೂಡಲೇ ಮನೆಗೆ ಕಿವಿ ಬಂದಂತಾಗುತ್ತಿತ್ತು. ರಾಗಿಮುದ್ದೆ, ಕಡೆದ ಹುರುಳಿ, ಎಂದಾದರೂ ನುಗ್ಗೆಕಾಯಿ. ದೊಡ್ಡಪ್ಪ ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಿದ್ದ. ಸೌಟು ಪಾತ್ರೆಯ ತಳಕ್ಕೆ ತಾಗಿದ ಸದ್ದಿನಲ್ಲೇ ಎಷ್ಟು ಉಳಿದಿದೆ ಎಂದು ಅವನಿಗೆ ಗೊತ್ತಾಗುತ್ತಿತ್ತು. ಕಡಿಮೆ ಇದ್ದರೆ, "ನಂಗೆ ಸಾಕು" ಎಂದು ಎಲೆಗೆ ಕೈ ಅಡ್ಡ ಹಿಡಿಯುತ್ತಿದ್ದ. ಇದು ತಿಳಿದ ಮೇಲೆ ಅಮ್ಮ ಸೌಟನ್ನು ತಳಕ್ಕೆ ತಾಗಿಸದೆ ಬಡಿಸುವುದನ್ನು ರೂಢಿಸಿಕೊಂಡಳು. ಅವಳು ಹಾಗೆ ಮಾಡುತ್ತಾಳೆಂದು ಅವನಿಗೂ ಗೊತ್ತಿತ್ತು. ಇಬ್ಬರೂ ಅದನ್ನು ಒಮ್ಮೆಯೂ ಬಾಯಿಬಿಟ್ಟು ಆಡಲಿಲ್ಲ.

ನನ್ನ ಕೆಲಸ ಬೀದಿಯಲ್ಲಿ. ಶಾಲೆಯಿಂದ ಬಂದ ಮೇಲೆ ದೊಡ್ಡಪ್ಪ ಎಲ್ಲಿಗೆ ಹೊರಟರೂ ನಾನು ಜೊತೆ. ನಾನು ಕೈ ಹಿಡಿಯುತ್ತಿರಲಿಲ್ಲ, ಅವನು ಹಿಡಿಸಿಕೊಳ್ಳುತ್ತಲೂ ಇರಲಿಲ್ಲ. ಒಂದು ಹೆಜ್ಜೆ ಮುಂದೆ ನಡೆಯುತ್ತ ಎದುರಿಗಿರುವುದನ್ನು ಹೇಳಬೇಕು, ಅಷ್ಟೆ. ಆದರೆ ಹೇಳುವುದಕ್ಕೂ ಅವನದೊಂದು ಪಾಠವಿತ್ತು. ಶುರುವಿನಲ್ಲಿ ನಾನು ಮಕ್ಕಳೆಲ್ಲ ಹೇಳುವ ಹಾಗೆ 'ಚೆಂದದ ಸೀರೆ', 'ದೊಡ್ಡ ನಾಯಿ' ಎನ್ನುತ್ತಿದ್ದೆ. ಅವನು ನಿಂತುಬಿಡುತ್ತಿದ್ದ.

"ಚೆಂದ ಇದೆ ಅನ್ಬೇಡ ಸರಸು. ಏನಿದೆ, ಎಷ್ಟು ದೂರ ಇದೆ, ಅದನ್ನ ಹೇಳು. ಚೆಂದಾನ ನಾನೇ ಮಾಡ್ಕೊಂತೀನಿ."

"ನಾಯಿ ಎಷ್ಟು ದೊಡ್ಡದು ಅಂತ ಹೆಂಗೆ ಹೇಳಲಿ?"

"ನಿನ್ನ ಮಂಡಿಗೆ ಬರುತ್ತಾ, ಸೊಂಟಕ್ಕೆ ಬರುತ್ತಾ?"

ಇಲ್ಲದ್ದನ್ನು ಹೇಳಬಾರದು, ಇದ್ದದ್ದನ್ನು ನುಂಗಬಾರದು. ಅವನ ಸಂತೋಷಕ್ಕಾಗಿಯೂ ನುಂಗಬಾರದು. ಮುಂದೆ ನಾನು ತಿರುಪ್ಪೂರಿನ ಬನಿಯನ್ ಕಂಪನಿಗಳಲ್ಲಿ ಚೆಕಿಂಗ್ ಕೆಲಸಕ್ಕೆ ಸೇರಿ, ಬಟ್ಟೆಯ ತಪ್ಪು ಹುಡುಕುವುದರಲ್ಲೇ ಬದುಕು ಕಟ್ಟಿಕೊಂಡೆ. ಆ ವಿಭಾಗದ ಮೇಲ್ವಿಚಾರಕಿಯಾದೆ. ನಾಲ್ಕು ಮಂದಿಯ ಕಣ್ಣು ತಪ್ಪಿಸಿ ಬಂದ ತೂತು ನನ್ನ ಮೇಜು ದಾಟುತ್ತಿರಲಿಲ್ಲ. ಎಲ್ಲಿ ಕಲಿತೆ ಎಂದು ಕೇಳಿದವರಿಗೆ, ಕಣ್ಣಿಲ್ಲದವರ ಹತ್ತಿರ ಎಂದು ಹೇಳಿ ಅವರ ಮುಖ ನೋಡುವುದು ನನಗೊಂದು ಖುಷಿಯಾಗಿತ್ತು.

ಇನ್ನು ಆ ಕತ್ತಿ. ನಮ್ಮ ದೇವಾಂಗರ ಬೀದಿಗಳಲ್ಲಿ ವಿಜಯದಶಮಿಯ ದಿನ ದೇವಿಯನ್ನು ಗುಡಿಗೆ ಕರೆತರುವುದು ಕತ್ತಿ ಸೇವೆಯಿಂದ. ಹರಕೆ ಹೊತ್ತ ಗಂಡಸರು ಬರಿಮೈಯಲ್ಲಿ ಸಾಲಾಗಿ ನಿಂತು, ತಾಯಿಯನ್ನು ಕೂಗಿ ಕರೆಯುತ್ತ, ಹರಿತವಾದ ಕತ್ತಿಯನ್ನು ತಮ್ಮ ಎದೆಗೇ ಬೀಸಿಕೊಳ್ಳುತ್ತ ಹೆಜ್ಜೆ ಹಾಕುತ್ತಾರೆ. ಗಾಯಕ್ಕೆ ಅರಿಶಿನದ ಪುಡಿಯೇ ಮದ್ದು. ದೊಡ್ಡಪ್ಪ ಹದಿನೆಂಟು ವರ್ಷಕ್ಕೆ ತಾನೂ ಸಾಲಿನಲ್ಲಿ ನಿಲ್ಲುತ್ತೇನೆ ಎಂದಾಗ ಬೀದಿಯವರು ಬೇಡವೆಂದರಂತೆ. ಕಣ್ಣಿಲ್ಲದವನ ಕತ್ತಿ ಪಕ್ಕದವನಿಗೆ ಬಿದ್ದರೆ ಯಾರು ಹೊಣೆ? ಆಗ ತಾತ, "ನನ್ನ ಮಗನ ಕತ್ತಿ ಇನ್ನೊಬ್ಬರ ಮೈಗೆ ತಾಗಿದ್ರೆ ನನ್ನ ಕೈ ಕಡೀರಿ" ಎಂದು ಗುಡಿಯ ಮುಂದೆ ಕೈ ಚಾಚಿ ನಿಂತರಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅವನು ಆ ಸೇವೆಗೆ ನಿಲ್ಲತೊಡಗಿ ಇಪ್ಪತ್ತು ವರ್ಷ ದಾಟಿತ್ತು. ಯಾರಿಗೂ ಒಂದು ಗೀರೂ ಆಗಿರಲಿಲ್ಲ. ಅವನನ್ನು ನೋಡಲೆಂದೇ ಕೊಯಮತ್ತೂರಿನಿಂದ ಜನ ಬರುತ್ತಿದ್ದರು. ಹಾಗೆ ಬಂದವರಲ್ಲಿ ಯಾರೋ ಸಿನಿಮಾದವರ ಕಿವಿಗೆ ಸುದ್ದಿ ಹಾಕಿರಬೇಕು.

ಆಷಾಢದ ಹೊತ್ತಿಗೆ ಬರುವ ಆಡಿ ತಿಂಗಳ ಗಾಳಿ ಬೀದಿಯ ಧೂಳನ್ನೆಲ್ಲ ಮಗ್ಗದ ಮೇಲೆ ತಂದು ಸುರಿಯುವ ದಿನಗಳಲ್ಲಿ ಒಂದು ಬೆಳಿಗ್ಗೆ ನಮ್ಮ ಮನೆ ಮುಂದೆ ಕಾರು ನಿಂತಿತು. ಇಳಿದವರು ಮೂವರು: ಗಡ್ಡದ ಡೈರೆಕ್ಟರ್, ಕೈಚೀಲ ಹಿಡಿದ ಮ್ಯಾನೇಜರ್, ನಾಯಕನ ಪಾತ್ರ ಮಾಡಬೇಕಿದ್ದ ಸೆಲ್ವಂ ಎಂಬ ತೆಳ್ಳನೆಯ ಯುವಕ. ಪೊಳ್ಳಾಚಿ ಸುತ್ತಮುತ್ತ ಶೂಟಿಂಗ್ ನಡೆಯುವುದು ನಮಗೆ ಹೊಸದಲ್ಲ. ಅವರು ಮನೆಯೊಳಗೆ ಬಂದದ್ದು ಹೊಸದು. ಕಣ್ಣಿಲ್ಲದವನು ಹೇಗೆ ನಡೆಯುತ್ತಾನೆ, ಹೇಗೆ ಕೇಳಿಸಿಕೊಳ್ಳುತ್ತಾನೆ, ಹೇಗೆ ಕತ್ತಿ ಹಿಡಿಯುತ್ತಾನೆ ಎಂಬುದನ್ನು ಸೆಲ್ವಂಗೆ ಕಲಿಸಿಕೊಡಬೇಕು ಎಂದು ಡೈರೆಕ್ಟರ್ ತಮಿಳಿನಲ್ಲಿ ಕೇಳಿಕೊಂಡರು. ದೊಡ್ಡಪ್ಪ ಬೆರಳಿನ ಬೂದಿಯನ್ನೂ ಒರೆಸಿಕೊಳ್ಳದೆ ಕೂತಿದ್ದ.

"ಕೊನೆಗೆ ಅವನಿಗೆ ಕಣ್ಣು ಬರುತ್ತಾ?" ಎಂದ.

"ಇಲ್ಲ ಅಯ್ಯಾ."

"ಆಪರೇಷನ್ ಗೀಪರೇಷನ್?"

"ಇಲ್ಲ."

"ಗುಡಿಯಲ್ಲಿ ದೀಪ ತಾನಾಗೇ ಹತ್ಕೊಂಡು, ಗಂಟೆ ಹೊಡ್ಕೊಂಡು ಕಣ್ಣು ಬರೋದು?"

"ಅದೂ ಇಲ್ಲ. ಶುರುವಿನಲ್ಲಿ ಹೆಂಗಿದ್ದನೋ ಕೊನೆಗೂ ಹಂಗೇ. ಅವನೇ ಗೆಲ್ತಾನೆ."

"ಹಂಗಂದ್ರೆ ಕೂತ್ಕೊಳ್ಳಿ. ಕಾಫಿ ಕುಡೀರಿ."

ಅವರು ಹೋದ ಮೇಲೆ ಮನೆಯಲ್ಲಿ ದೊಡ್ಡ ಜಗಳವೇ ಆಯಿತು. ಅವ್ವನಿಗೆ ಸುತರಾಂ ಇಷ್ಟವಿಲ್ಲ. ಸಿನಿಮಾದಲ್ಲಿ ಕುರುಡನೆಂದರೆ ಒಂದೋ ಭಿಕ್ಷೆ ಬೇಡುವವನು, ಇಲ್ಲ ಎಡವಿ ಬಿದ್ದು ನಗಿಸುವವನು ಎಂಬುದು ಅವರ ಅನುಭವ. ಅಪ್ಪನಿಗೆ ಆಸೆ.

"ಅಣ್ಣನ ಹೆಸರು ಪರದೆ ಮೇಲೆ ಬರುತ್ತಂತೆ ಅವ್ವಾ. ಊರೇ ನೋಡುತ್ತೆ."

"ಊರು ನೋಡೋದೇ ನಂಗೆ ಭಯ ಕಣೋ. ನನ್ನ ಮಗನ್ನ ನೋಡಿ ನಗಾಡಕ್ಕೆ ನಾನ್ ಬಿಡಲ್ಲ."

ಇಬ್ಬರ ಮಾತಿನ ನಡುವೆ ಎಂದೂ ಬಾಯಿ ಹಾಕದ ಅಮ್ಮ ಅಡುಗೆಮನೆಯ ಬಾಗಿಲಿನಿಂದ ಹೇಳಿದಳು:

"ಬಾವನ್ನೇ ಕೇಳಿ. ಅವರಿಗೆ ಕಣ್ಣಿಲ್ಲ, ಬಾಯಿ ಇದೆ."

ದೊಡ್ಡಪ್ಪ ಆಗ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ. "ನಾನು ಸಿನಿಮಾ ಕೇಳಿದೀನಿ. ಎಲ್ಲದ್ರಲ್ಲೂ ಕುರುಡ ಬೀಳ್ತಾನೆ, ಅಳ್ತಾನೆ, ಹಾಡ್ತಾನೆ. ಒಂದೇ ಒಂದ್ ಸಲ ಒಬ್ಬ ಕತ್ತಿ ಹಿಡೀತಾನೆ ಅಂತಿದಾರೆ. ಅವನೂ ತಪ್ಪಾಗಿ ನಡೆದ್ರೆ ಜನ ನಗಾಡೋದು ನನ್ನನ್ನೇ." ಅವನ ಷರತ್ತು ಎರಡೇ ಇದ್ದವು. ಕಲಿಯುವ ಹುಡುಗ ನಮ್ಮ ಮನೆಗೆ ಬಂದು, ನಮ್ಮ ಜೊತೆ ಉಂಡು ಕಲಿಯಬೇಕು. ಗೂಡಿನಲ್ಲಿರುವ ಕತ್ತಿಯನ್ನೂ ದೇವಿಯ ಸೇವೆಯನ್ನೂ ಸಿನಿಮಾಕ್ಕೆ ಎಳೆಯಬಾರದು. ಮರುದಿನ ಬಂದ ಮ್ಯಾನೇಜರ್ ಎರಡಕ್ಕೂ ತಲೆಯಾಡಿಸಿದ. ತಲೆಯಾಡಿಸಿದ್ದನ್ನು ದೊಡ್ಡಪ್ಪನಿಗೆ ಹೇಳಿದವಳು ನಾನೇ.

ಸೆಲ್ವಂ ಹತ್ತು ದಿನ ಬಂದ. ಮೊದಲ ದಿನ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಕೂಡಲೇ ಎರಡೂ ಕೈಯನ್ನು ಮುಂದಕ್ಕೆ ಚಾಚಿ ಗಾಳಿಯಲ್ಲಿ ತಡಕಾಡತೊಡಗಿದ. ದೊಡ್ಡಪ್ಪ ಆ ಕೈಗಳನ್ನು ಮುಟ್ಟಿ ನೋಡಿ ನಕ್ಕ.

"ಇದೇನ್ ತಮ್ಮಾ, ಕೋಳಿ ಹಿಡೀತಿದ್ದೀಯಾ? ಕೈ ಕೆಳಗೆ ಬಿಡು. ಕಾಲಿಗೆ ಹೇಳು."

ಹಿಮ್ಮಡಿ ಮೊದಲು ಊರಬೇಕು, ನೆಲ ಉತ್ತರ ಕೊಟ್ಟ ಮೇಲೆ ಮೈಭಾರ ಬಿಡಬೇಕು. ಬಾಯಿ ಒಂಚೂರು ತೆರೆದಿರಬೇಕು, ಹಲ್ಲು ಕಚ್ಚಿದರೆ ಕಿವಿ ಮುಚ್ಚಿಕೊಳ್ಳುತ್ತದೆ. ಮಾತಾಡುವವರ ಕಡೆಗೆ ಮುಖವಲ್ಲ, ಕಿವಿ ತಿರುಗಬೇಕು. ಎರಡು ಮಗ್ಗಗಳ ನಡುವೆ ಅವನನ್ನು ನಿಲ್ಲಿಸಿ, ಲಾಳಿ ಈಗ ಯಾವ ಕಡೆಯಿಂದ ಯಾವ ಕಡೆಗೆ ಹೋಯಿತು ಎಂದು ಕೇಳುತ್ತಿದ್ದ. ನಾನೂ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಪಂದ್ಯಕ್ಕೆ ನಿಲ್ಲುತ್ತಿದ್ದೆ. ಮೊದಲ ಐದು ದಿನ ನಾನೇ ಗೆದ್ದೆ. ಆರನೆಯ ದಿನ ಸೆಲ್ವಂ ಗೆದ್ದಾಗ ಅಮ್ಮ ಮಗ್ಗ ನಿಲ್ಲಿಸಿ ಅವನಿಗೆ ಬೆಲ್ಲ ಕೊಟ್ಟಳು. ನನಗೆ ಅಳು ಬಂತು. ಊಟವೂ ಕಣ್ಣು ಕಟ್ಟಿಕೊಂಡೇ. ನುಗ್ಗೆಕಾಯಿ ಬಡಿಸಿದ ದಿನ ಅವನು ಪಟ್ಟ ಪಾಡು ನೋಡಿ ಅವ್ವ ನಕ್ಕು ನಕ್ಕು ಕೆಮ್ಮಿದರು. ಆಮೇಲೆ ತಾವೇ ಅವನ ಪಕ್ಕ ಕೂತು, "ತುದಿ ಹಿಡ್ಕೊ ಸಾಮಿ, ಹಲ್ಲಲ್ಲಿ ಎಳಿ" ಎಂದು ಕಲಿಸಿಕೊಟ್ಟರು. ಬೇಡವೆಂದು ಹಟ ಹಿಡಿದಿದ್ದ ಅವ್ವನ ಹಟ ಮುಗಿದದ್ದು ಆ ನುಗ್ಗೆಕಾಯಿಯಿಂದ.

ಕತ್ತಿಯ ಬದಲಿಗೆ ಮಗ್ಗದ ಬಿದಿರು ಕೋಲಿನಲ್ಲಿ ಅಭ್ಯಾಸ ನಡೆಯುತ್ತಿತ್ತು. ಒಂದು ದಿನ ಸೆಲ್ವಂ ಎದೆಯುಬ್ಬಿಸಿ, ಗಲ್ಲ ಮೇಲೆತ್ತಿ ನಿಂತ. ದೊಡ್ಡಪ್ಪ ಅವನ ಮುಖದ ಮೇಲೆ ಕೈಯಾಡಿಸಿದ.

"ಹೆದರಿಕೆ ಇಲ್ಲ ಅಂತ ತೋರಿಸ್ಬೇಡ. ಕುರುಡನಿಗೆ ಹೆದರಿಕೆ ಇದೆ. ಅವನು ಅದನ್ನ ಕಾಲಲ್ಲಿ ಇಟ್ಕೊಂತಾನೆ, ಮುಖಕ್ಕೆ ಹತ್ತಕ್ಕೆ ಬಿಡಲ್ಲ. ಕಾಲು ಹೆದರಿದ್ರೆ ಒಳ್ಳೇದು, ಎಚ್ಚರವಾಗಿರುತ್ತೆ."

ಶೂಟಿಂಗ್ ನಡೆದದ್ದು ಆನೈಮಲೈ ದಾರಿಯ ಒಂದು ಹಳೆಯ ಕಲ್ಲು ಮಂಟಪದಲ್ಲಿ. ಸೆಲ್ವಂಗೆ ಧೈರ್ಯ ಬರಲೆಂದು ದೊಡ್ಡಪ್ಪನನ್ನೂ ಕರೆಸಿಕೊಂಡಿದ್ದರು. ಅಪ್ಪ, ನಾನು ಜೊತೆಗೆ ಹೋದೆವು. ಎರಡನೆಯ ದಿನ ಊಟಕ್ಕೆ ಮುಂಚೆ ಅಪ್ಪನನ್ನು ಏನೋ ನೆಪ ಹೇಳಿ ವ್ಯಾನಿನ ಹತ್ತಿರ ಕರೆದುಕೊಂಡು ಹೋದರು. ಮ್ಯಾನೇಜರ್ ನನ್ನ ಕೈಗೆ ಕೆಂಪು ಬಣ್ಣದ ಕಲರ್ ಸೋಡಾ ಕೊಟ್ಟ. ನಾನು ಕುಡಿಯುತ್ತಿದ್ದ ಹಾಗೆ ಅವನು ದೊಡ್ಡಪ್ಪನಿಗೆ, "ಕತ್ತಿ ಎತ್ತಿದಾಗ ಭುಜ ಹೆಂಗೆ ತಿರುಗುತ್ತೆ ಅಂತ ಸೆಲ್ವಂ ನೋಡ್ಬೇಕಂತೆ. ಅಂಗಿ ತೆಗೆದು ಒಂದ್ಸಲ ನಿಮ್ಮೂರಲ್ಲಿ ನಿಲ್ಲೋ ಹಾಗೆ ನಿಂತು ತೋರಿಸಿ" ಎಂದ. ದೊಡ್ಡಪ್ಪ ಅಂಗಿ ತೆಗೆದ. ಅವನ ಕೈಗೆ ನಿಜವಾದ ಕತ್ತಿಯನ್ನೇ ಇಟ್ಟರು. ಆಗ ನಾನು ಮಂಟಪವನ್ನು ಸರಿಯಾಗಿ ನೋಡಿದೆ. ಮ್ಯಾನೇಜರ್ ನನ್ನ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟ.

ದೊಡ್ಡಪ್ಪ ಯಾವ ಜಾಗಕ್ಕೆ ಹೋದರೂ ಕೇಳುವ ಹಾಗೆ ಅಲ್ಲೂ ಕೇಳಿದ:

"ಸರಸು, ಏನೇನಿದೆ ಹೇಳು."

ಮ್ಯಾನೇಜರ್ ಬೇಡ ಬೇಡವೆಂದು ತಲೆಯಾಡಿಸಿದ. ನನಗೆ ಹತ್ತು ವರ್ಷ. ಸುತ್ತ ಅಷ್ಟೊಂದು ದೊಡ್ಡವರು, ಬಾಯಲ್ಲಿ ಅವರು ಕೊಟ್ಟ ಸೋಡಾದ ಸಿಹಿ. ಹೆದರಿಕೆಯನ್ನು ಕಾಲಲ್ಲೇ ಇಟ್ಟುಕೊಂಡೆ. ಕನ್ನಡದಲ್ಲಿ ಹೇಳಿದೆ:

"ಮುಂದೆ ಎಂಟು ಹೆಜ್ಜೆ ದೂರದಲ್ಲಿ ಕ್ಯಾಮೆರಾ ಇದೆ. ಒಬ್ಬರು ಅದರೊಳಗೆ ಕಣ್ಣಿಟ್ಟಿದಾರೆ. ನಿನ್ನ ಹಿಂದೆ ಸೌಡಮ್ಮ ಇದಾಳೆ, ಗಾರೆದು, ಕೆಂಪು ಸೀರೆ ಉಡಿಸಿದಾರೆ. ಕಲಶ ಇದೆ. ತಟ್ಟೆಯಲ್ಲಿ ಅರಿಶಿನ ಇದೆ. ಮೇಳದವರು ನಾಲ್ಕು ಜನ ಬಡಿಯಕ್ಕೆ ಕೈ ಎತ್ಕೊಂಡು ನಿಂತಿದಾರೆ."

"ಸೆಲ್ವಂ?"

"ಸೆಲ್ವಂ ಇಲ್ಲ."

ದೊಡ್ಡಪ್ಪ ಬಗ್ಗಿ ಕತ್ತಿಯನ್ನು ನೆಲದ ಮೇಲೆ ಸದ್ದಾಗದಂತೆ ಮಲಗಿಸಿದ. ಅಂಗಿ ಹಾಕಿಕೊಂಡು ಗುಂಡಿಗಳನ್ನು ಒಂದೊಂದಾಗಿ ಹಾಕಿದ. ಆಮೇಲೆ ತಮಿಳಿನಲ್ಲಿ, ಯಾರನ್ನೂ ಬೈಯದೆ, ನಿಧಾನವಾಗಿ ಹೇಳಿದ: "ಕಣ್ಣಿರೋರು ಇಷ್ಟು ಜನ ಸೇರಿ ಕಣ್ಣಿಲ್ಲದ ಒಬ್ಬನ್ನ ಏಮಾರಿಸಕ್ಕೆ ಆಗ್ಲಿಲ್ಲ. ಯಾಕೆ ಗೊತ್ತಾ? ನಮ್ಮನೆ ಮಗು ಸುಳ್ಳು ಹೇಳಲ್ಲ." ಡೈರೆಕ್ಟರ್ ಓಡಿ ಬಂದರು.

"ಪಡಕ್ಕೋಸ್ಕರ ಅಯ್ಯಾ, ಒಂದು ನಿಮಿಷದ ಶಾಟ್ ಅಷ್ಟೆ," ಎಂದರು.

"ನಿಮ್ಮ ಪಡ ನಿಮಗೆ. ನಮ್ಮಮ್ಮ ನಮಗೆ. ಅವಳನ್ನ ಅಲ್ಲಿಂದ ಇಳಿಸಿ."

ಇಳಿಸಿದರು. ನಾನು ಅರ್ಧ ಉಳಿದಿದ್ದ ಸೋಡಾ ಬಾಟಲಿಯನ್ನು ಮ್ಯಾನೇಜರ್ ಕೈಗೆ ವಾಪಸು ಕೊಟ್ಟೆ. ಸುದ್ದಿ ತಿಳಿದು ಬಂದ ಅಪ್ಪ ಕೂಡಲೇ ಊರಿಗೆ ಹೊರಡೋಣ ಎಂದು ಕೂಗಾಡಿದ. ದೊಡ್ಡಪ್ಪ ಹೊರಡಲಿಲ್ಲ. "ಆ ಹುಡುಗನ್ನ ಕರೀರಿ. ನಿನ್ನೆ ಎಡಕ್ಕೆ ತಿರುಗೋದ್ರಲ್ಲಿ ತಪ್ಪಿತ್ತು" ಎಂದ. ಇದಾವುದೂ ತಿಳಿಯದೆ ವೇಷ ಹಾಕಿಸಿಕೊಳ್ಳುತ್ತಿದ್ದ ಸೆಲ್ವಂ ಬಂದು, ವಿಷಯ ಕೇಳಿ, ದೊಡ್ಡಪ್ಪನ ಕಾಲು ಮುಟ್ಟಿದ. ಬಿಸಿಲು ಇಳಿಯುವವರೆಗೂ ಇಬ್ಬರೂ ಆ ಮಂಟಪದಲ್ಲಿ ಎಡಕ್ಕೆ ತಿರುಗಿದರು, ಬಲಕ್ಕೆ ತಿರುಗಿದರು. ವಾಪಸು ಬರುವಾಗ ಬಸ್ಸಿನಲ್ಲಿ ಅಪ್ಪ ಕೇಳಿದ, ಇಷ್ಟಾದ ಮೇಲೂ ಯಾಕೆ ಕಲಿಸಿದೆ ಎಂದು.

"ಅವರು ಮಾಡಿದ್ದು ಅವರ ತಪ್ಪು. ಹುಡುಗ ತಪ್ಪಾಗಿ ನಡೆದ್ರೆ ಅದು ನನ್ನ ತಪ್ಪು."

ಊರಿಗೆ ಈ ಕಥೆ ತಲುಪುವ ಹೊತ್ತಿಗೆ ತಲೆಕೆಳಗಾಗಿತ್ತು. ರಾಮಲಿಂಗ ಸೌಡಮ್ಮನ ಕತ್ತಿಯನ್ನು ಸಿನಿಮಾದವರಿಗೆ ಆಡಿ ತೋರಿಸಿದನಂತೆ ಎಂದು ಬೀದಿ ಬೀದಿಯಲ್ಲಿ ಮಾತು. ವಿಜಯದಶಮಿಗೆ ಹದಿನೈದು ದಿನವಿರುವಾಗ ಗುಡಿಯ ಯಜಮಾನರು ಇಬ್ಬರು ಹಿರಿಯರೊಂದಿಗೆ ನಮ್ಮ ಪಡಸಾಲೆಗೆ ಬಂದು ಕೂತರು. ಈ ಸಲ ನೀನು ಸಾಲಿನಲ್ಲಿ ನಿಲ್ಲುವುದು ಬೇಡ ಎಂದು ಹೇಳಲು ಬಂದಿದ್ದರು. ಅಪ್ಪ ಬಾಯಿ ತೆರೆಯುವ ಮೊದಲೇ ದೊಡ್ಡಪ್ಪ ತಡೆದ.

"ನಾ ಹೇಳಿದ್ರೆ ನನ್ನ ಕಡೆಗೆ ಹೇಳ್ದಂಗೆ. ತಮ್ಮ ಹೇಳಿದ್ರೂ ಹಂಗೇ. ಸರಸುನ ಕೇಳಿ. ಅವಳು ಇದ್ದದ್ದನ್ನ ಹೇಳ್ತಾಳೆ."

ಗಂಡಸರ ಪಂಚಾಯ್ತಿಯಲ್ಲಿ ಹೆಣ್ಣುಮಗುವನ್ನು ನಿಲ್ಲಿಸಿ ಕೇಳಿದ್ದು ನಮ್ಮ ಬೀದಿಯಲ್ಲಿ ಅದೇ ಮೊದಲು ಎಂದು ಅವ್ವ ಹೇಳುತ್ತಿದ್ದರು. ನಾನು ಮಗ್ಗದ ಕಂಬಕ್ಕೆ ಒರಗಿ ನಿಂತು ಎಲ್ಲ ಹೇಳಿದೆ. ಅಂಗಿ ತೆಗೆದದ್ದು, ಕತ್ತಿ ಹಿಡಿದದ್ದು, ಮಲಗಿಸಿದ್ದು. ಸೋಡಾ ಅರ್ಧ ಕುಡಿದದ್ದನ್ನೂ ಬಿಡಲಿಲ್ಲ. ಯಜಮಾನರು ಎದ್ದು ನನ್ನ ಹತ್ತಿರ ಬಂದರು. ನನ್ನ ತಲೆಯ ಮೇಲೆ ಕೈಯಿಟ್ಟು, ದೊಡ್ಡಪ್ಪನಿಗೆ ಹೇಳಿದರು:

"ಸೆರಿ ರಾಮಲಿಂಗ. ಈ ಸಲ ಸಾಲಿಗೆ ಮೊದಲು ನೀನೇ ನಿಲ್ಲಬೇಕು."

ನಿಂತ. ಅವನ ಹಿಂದೆ ನಲವತ್ತು ಕತ್ತಿಗಳಿದ್ದವು. ನಾನು ಅವ್ವನ ಪಕ್ಕದಲ್ಲಿ ಅರಿಶಿನದ ತಟ್ಟೆ ಹಿಡಿದು ನಡೆದೆ. ಆ ದಿನ ನಾನೇ ಎರಡು ಗೇಣು ಎತ್ತರವಾದಂತಿತ್ತು.

ಪಡ ಬಂದದ್ದು ಮಾರನೆಯ ವರ್ಷ. ನಾಲ್ಕು ಬೀದಿಯ ಮಗ್ಗಗಳನ್ನು ಒಂದು ಮಧ್ಯಾಹ್ನ ನಿಲ್ಲಿಸಿ ನಾವೆಲ್ಲ ಬಸ್ಸು ಹತ್ತಿ ಪೊಳ್ಳಾಚಿಗೆ ಮ್ಯಾಟಿನಿಗೆ ಹೋದೆವು. ಯಜಮಾನರೂ ಬಂದಿದ್ದರು. ಟಾಕೀಸಿನಲ್ಲಿ ನಮ್ಮನ್ನು ಬಿಟ್ಟರೆ ಅಲ್ಲೊಬ್ಬರು ಇಲ್ಲೊಬ್ಬರು. ನಾನು ದೊಡ್ಡಪ್ಪನ ಪಕ್ಕ, ನನ್ನ ಇನ್ನೊಂದು ಪಕ್ಕ ಅಪ್ಪ. ದೀಪ ಆರಿ ಹೆಸರುಗಳು ಶುರುವಾದವು. ಓದಬಲ್ಲವರೆಲ್ಲ ಉಸಿರು ಬಿಗಿಹಿಡಿದು ಓದಿದೆವು. ಹೊಡೆದಾಟ ಕಲಿಸಿದವರ ಹೆಸರು ಬಂತು, ಬಟ್ಟೆ ಒಗೆದವರ ಹೆಸರು ಬಂತು, ಊಟ ಕೊಟ್ಟ ಹೋಟೆಲಿನ ಹೆಸರೂ ಬಂತು. ದೊಡ್ಡಪ್ಪನ ಹೆಸರು ಬರಲಿಲ್ಲ. ಅಪ್ಪ ನನ್ನ ಕಿವಿಗೆ ಬಾಯಿಟ್ಟು, "ಬಂತು ಅನ್ನು" ಎಂದ.

"ಬಂತಾ ಸರಸು?" ಎಂದ ದೊಡ್ಡಪ್ಪ.

ಮ್ಯಾನೇಜರ್ ಎದುರು ನಿಜ ಹೇಳಿದ್ದಕ್ಕಿಂತ ಇದು ಕಷ್ಟವಾಗಿತ್ತು. ಅಲ್ಲಿ ನಿಜದಿಂದ ಅವನ ಮಾನ ಉಳಿಯುತ್ತಿತ್ತು, ಇಲ್ಲಿ ಅದರಿಂದ ಅವನಿಗೆ ನೋವಷ್ಟೇ. ಆದರೂ ಹೇಳಿದೆ.

"ಬರ್ಲಿಲ್ಲ ದೊಡ್ಡಪ್ಪ."

ಅವನು ನನ್ನ ಮಂಡಿ ತಟ್ಟಿದ. "ಸೆರಿ. ಹುಡುಗ ಬಂದಾಗ ಹೇಳು."

ಹುಡುಗ ಬಂದ. ಕಥೆ ಅರ್ಧ ದಾಟಿದ ಮೇಲೆ ಆ ಕಲ್ಲು ಮಂಟಪ ಬಂತು. ಕತ್ತಿ ಹಿರಿದ ನಾಲ್ವರು ಕಂಬಗಳ ಮರೆಯಲ್ಲಿ ಉಸಿರಡಗಿಸಿ ನಿಂತಿದ್ದಾರೆ. ಸಂಗೀತವಿಲ್ಲ. ಸೆಲ್ವಂ ಒಬ್ಬನೇ ಒಳಗೆ ಕಾಲಿಟ್ಟ. ನಾನು ದೊಡ್ಡಪ್ಪನ ಕಿವಿಯಲ್ಲಿ ಹೇಳುತ್ತ ಹೋದೆ.

"ಕೈ ಎರಡೂ ಕೆಳಗಿದೆ. ಬಾಯಿ ಒಂಚೂರು ತೆರೆದಿದೆ. ಹಿಮ್ಮಡಿ ಮೊದಲು ಊರ್ತಿದಾನೆ, ಆಮೇಲೆ ಭಾರ ಬಿಡ್ತಿದಾನೆ. ಎಡಗಡೆ ಕಂಬದ ಕಡೆಗೆ ಕಿವಿ ತಿರುಗಿಸ್ದ. ಹೆದರಿದಾನೆ."

"ಎಲ್ಲಿ ಗೊತ್ತಾಗುತ್ತೆ?"

"ಕಾಲಲ್ಲಿ. ಮುಖದಲ್ಲಿ ಇಲ್ಲ."

ದೊಡ್ಡಪ್ಪ ಕುರ್ಚಿಯ ತೋಳನ್ನು ಬಿಗಿಯಾಗಿ ಹಿಡಿದುಕೊಂಡ. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಯಜಮಾನರು ಎದ್ದು ನಿಂತು ಕೂಗಿಬಿಟ್ಟರು, "ಅಯ್ಯೋ, ನಮ್ಮ ರಾಮಲಿಂಗ ಕಣ್ರೋ! ಹಂಗೇ ನಡೀತಿದಾನೆ!" ಚಪ್ಪಾಳೆ ಶುರುವಾಯಿತು, ಶಿಳ್ಳೆ ಬಿತ್ತು. ಅವ್ವ ಅಮ್ಮನ ಕೈ ಹಿಡಿದು, "ನೋಡೇ, ಬೀಳ್ತಿಲ್ಲ, ಬೀಳ್ತಿಲ್ಲ" ಎನ್ನುತ್ತಿದ್ದರು. ಸೆಲ್ವಂ ನಾಲ್ವರನ್ನೂ ಕೆಡವಿದ ಮೇಲೆ ನಮ್ಮವರು ಸುಮ್ಮನಾಗಲಿಲ್ಲ. ಆ ಕಾಲದಲ್ಲಿ ಒಳ್ಳೆಯ ಹಾಡು ಬಂದರೆ ಜನ 'ಒನ್ಸ್ ಮೋರ್' ಎಂದು ಕೂಗಿ ಇನ್ನೊಮ್ಮೆ ಹಾಕಿಸಿಕೊಳ್ಳುವುದಿತ್ತು. ಒಬ್ಬ ಮನುಷ್ಯ ನಡೆದದ್ದಕ್ಕೆ ಯಾರೂ ಹಾಗೆ ಕೂಗಿದ್ದಿಲ್ಲ. ನಾವು ಕೂಗಿದೆವು. ಆಪರೇಟರ್ ದೀಪ ಹಾಕಿ, ಏನು ಗಲಾಟೆ ಎಂದು ಕಿಂಡಿಯಲ್ಲಿ ತಲೆ ಹಾಕಿದ. ಯಜಮಾನರು ತಮಿಳಿನಲ್ಲಿ ಏನೋ ವಿವರಿಸಿದರು. ಟಾಕೀಸಿನಲ್ಲಿ ಇದ್ದವರು ಹೆಚ್ಚುಕಡಿಮೆ ನಾವೇ. ಅವನು ರೀಲು ಹಿಂದಕ್ಕೆ ಸುತ್ತಿ ಆ ಭಾಗವನ್ನು ಇನ್ನೊಮ್ಮೆ ಹಾಕಿದ. ಆ ಸಲ ನಾನು ಹೇಳಲು ಹೋದಾಗ ದೊಡ್ಡಪ್ಪ ತಡೆದ. "ನೀ ಸುಮ್ನಿರು. ಈಗ ನಂಗೆ ಗೊತ್ತು" ಎಂದು ನೆಟ್ಟಗೆ ಕೂತು, ಪರದೆಯ ಕಡೆಗೆ ಕಿವಿ ಕೊಟ್ಟ.

ಆಟ ಮುಗಿದು ಹೊರಗೆ ಬಂದೆವು. ಅಪ್ಪನ ಮುಖ ಇನ್ನೂ ಬಿಗಿದುಕೊಂಡೇ ಇತ್ತು. ಬಟ್ಟೆ ಒಗೆದವನ ಹೆಸರು ಹಾಕುತ್ತಾರೆ, ಅಣ್ಣನದು ಹಾಕುವುದಿಲ್ಲ ಎಂದು ಎಲ್ಲರ ಬಳಿಯೂ ಹೇಳುತ್ತಿದ್ದ. ದೊಡ್ಡಪ್ಪ ಟಾಕೀಸಿನ ಮೆಟ್ಟಿಲುಗಳನ್ನು ಯಾರ ಆಸರೆಯೂ ಇಲ್ಲದೆ ಇಳಿದ. ಬಾಗಿಲಲ್ಲಿ ಟಿಕೆಟ್ ಹರಿಯುವವನು ಸ್ಟೂಲಿನ ಮೇಲೆ ಕೂತು ಇವನನ್ನೇ ನೋಡುತ್ತಿದ್ದ. ಕಪ್ಪು ಕನ್ನಡಕವಿಲ್ಲ, ಕೋಲಿಲ್ಲ. ಇವನಿಗೆ ಕಣ್ಣಿಲ್ಲವೆಂದು ಅವನಿಗೆ ಹೊಳೆಯಲೇ ಇಲ್ಲ. ಜೋರಾಗಿ ನಕ್ಕು ತಮಿಳಿನಲ್ಲಿ ಕೇಳಿದ:

"ಏನಣ್ಣಾ, ಪಡ ನೋಡಿ ಹೀರೋ ಥರಾನೇ ನಡೆಯೋದು ಕಲಿತುಬಿಟ್ಟಿರಾ?"

ಅಪ್ಪ ಬಾಯಿ ತೆರೆದ. ದೊಡ್ಡಪ್ಪ ಕೈಯೆತ್ತಿ ಅವನನ್ನು ತಡೆದ. ಟಿಕೆಟಿನವನ ದನಿ ಬಂದ ಕಡೆಗೆ ತಿರುಗಿ, ಪಂಚೆಯ ತುದಿಯನ್ನು ಎತ್ತಿ ಕಟ್ಟಿಕೊಂಡು, ಬಹಳ ಗೌರವದಿಂದ ಉತ್ತರ ಕೊಟ್ಟ.

"ಹೌದು ತಮ್ಮಾ. ಎರಡು ಸಲ ನೋಡ್ದೆ."

ಬಸ್ಸು ನೆಗಮ ಮುಟ್ಟುವವರೆಗೂ ನಮ್ಮವರು ಆ ಮಾತನ್ನು ಒಬ್ಬರಿಗೊಬ್ಬರು ಹೇಳಿಕೊಂಡು ನಕ್ಕರು. ಎಲ್ಲರಿಗಿಂತ ಜೋರಾಗಿ, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕದ್ದು ಅಪ್ಪ.